ಫಿಸಿಕಲ್ ಕೆಮಿಸ್ಟ್ರಿ ನಮ್ಮದಲ್ಲ ಎಂದವರು ಯಾರು?

ದೀಪಾವಳಿ ರಜೆಗೆ ನಮ್ಮ ಹುಡುಗನೊಬ್ಬ ಊರಿಗೆ ಬಂದ. ರಜೆಗೆ ಬರುವವರು ಕೈಯಲ್ಲಿ ಬ್ಯಾಗು ಹಿಡಿದು ಬರುತ್ತಾರೆ, ಇವನು ತಲೆಯ ಮೇಲೆ ಟ್ರಂಕು ಹೊತ್ತು ಬಂದ. ಸಾಸ್ತಾನದಲ್ಲಿ ಬಸ್ಸಿಳಿದು ಹೈವೇ ದಾಟಿ ಕಾಲೊನಿಯ ಕಡೆ ನಡೆದು ಬರುತ್ತಿದ್ದವನನ್ನು ಕಂಡಾಗಲೇ ನಮಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಎಂ.ಎಸ್ಸಿ. ಕೆಮಿಸ್ಟ್ರಿಯ ಮೊದಲ ಸೆಮಿಸ್ಟರು. ನಮ್ಮ ಕಾಲೊನಿಯಿಂದ ಅಲ್ಲಿಯ ತನಕ ಹೋದವನು ಅವನೊಬ್ಬನೇ.

"ಎಂತಾಯ್ತ್ ಮಗಾ?" ಅಂದರು ಅವನ ತಾಯಿ.

"ನಾ ಇನ್ ಹೋತಿಲ್ಲೆ. ಅದ್ ನಮ್ಮಂತವ್ರಿಗಲ್ಲ" ಅಂದ.

ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಹೊಳೆಬದಿಯಲ್ಲಿ ಕೂತಾಗ ಹೇಳಿದ. ಫಿಸಿಕಲ್ ಕೆಮಿಸ್ಟ್ರಿಯ ಮೊದಲ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ನಾಲ್ಕು ಬಂತು. ಮೇಷ್ಟ್ರು ಪೇಪರು ಕೊಡುವಾಗ ಎಲ್ಲರೆದುರು ಕೇಳಿದರಂತೆ, "ಕೋಟಾದಿಂದ ಬಂದವನಾ?" ಇವನಿಗೆ ಊರು ಕೇಳಿದರೆಂದೇ ಅನ್ನಿಸಿತು. ನಮ್ಮ ಸಾಸ್ತಾನದ ಪಕ್ಕದಲ್ಲೇ ಕೋಟ ಇದೆಯಲ್ಲ. "ಅಲ್ಲ ಸಾರ್, ಸಾಸ್ತಾನ" ಎಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಆ ನಗು ಯಾಕೆಂದು ಅವನಿಗೆ ತಿಳಿದದ್ದು ರಾತ್ರಿ ಹಾಸ್ಟೆಲಿನಲ್ಲಿ ಮಲಗಿದ ಮೇಲೆ.

ಈ ಮಾತನ್ನು ಕೇಳಿ ನಾವು ಏನು ಮಾಡಿದೆವು? ನಾಚಿಕೆಯಾದರೂ ಬರೆಯುತ್ತೇವೆ. "ಹೋಗ್ಲಿ ಬಿಡು ಮಾರಾಯ, ಪೊಲೀಸ್ ಪರೀಕ್ಷೆ ಕಟ್ಟು, ಬಿ.ಎಡ್. ಮಾಡು" ಎಂದೆವು. ಮೇಷ್ಟ್ರು ಒಂದು ಮಾತಿನಲ್ಲಿ ಹೇಳಿದ್ದನ್ನು ನಾವು ಹತ್ತು ಮಾತಿನಲ್ಲಿ ಪ್ರೀತಿಯಿಂದ ಹೇಳಿದೆವು, ಅಷ್ಟೇ ವ್ಯತ್ಯಾಸ. ಈ ಬರಹ ಆ ಮೇಷ್ಟ್ರ ವಿರುದ್ಧ ಮಾತ್ರವಲ್ಲ, ನಮ್ಮ ಆ ಪ್ರೀತಿಯ ವಿರುದ್ಧವೂ ಹೌದು.

ನಾಲ್ಕು ಅಂಕ ಯಾಕೆ ಬಂತೆಂದು ಮೊದಲು ನೋಡೋಣ. ಹುಡುಗ ದಡ್ಡನಲ್ಲ. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿಯ ಜೊತೆ ಬಾಟನಿ, ಜುವಾಲಜಿ ಓದಿದವನು. ಪಿ.ಯು.ಸಿ. ಬಿಟ್ಟ ಮೇಲೆ ಗಣಿತದ ಮುಖ ನೋಡಿಲ್ಲ. ಯಾಕೆ ಗಣಿತ ತೆಗೆದುಕೊಳ್ಳಲಿಲ್ಲ? ಹೈಸ್ಕೂಲಿನಲ್ಲಿ ಗಣಿತಕ್ಕೆ ಟ್ಯೂಷನ್ ಬೇಕಿತ್ತು, ದುಡ್ಡಿರಲಿಲ್ಲ. "ಲೆಕ್ಕ ಕಷ್ಟ, ನಿನಗೆ ಬೇಡ" ಎಂದು ಹೇಳಲಿಕ್ಕೆ ಮಾತ್ರ ಬೇಕಾದಷ್ಟು ಜನ ಇದ್ದರು. ಹೀಗೆ ಬಂದವನ ಮುಂದೆ ಎಂ.ಎಸ್ಸಿ.ಯ ಮೊದಲ ವಾರದಲ್ಲೇ ಶ್ರೋಡಿಂಗರನ ಸಮೀಕರಣ, ಪಾರ್ಶಿಯಲ್ ಡಿಫರೆನ್ಷಿಯಲ್, ಮ್ಯಾಟ್ರಿಕ್ಸ್ ತಂದು ಹಾಕಿದರೆ ಅವನೇನು ಮಾಡಬೇಕು? ಪಕ್ಕದಲ್ಲಿ ಕೂತವನು ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಗಣಿತ ಅರೆದು ಬಂದವನು. ಇಬ್ಬರಿಗೂ ಒಂದೇ ಬೋರ್ಡು, ಒಂದೇ ಟೆಸ್ಟು. ಇದಕ್ಕೆ ಮೆರಿಟ್ ಎಂದು ಹೆಸರು.

ಬಾಬಾಸಾಹೇಬರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯಬೇಕೆಂದಾಗ ಅಸ್ಪೃಶ್ಯನಿಗೆ ಕಲಿಸಲು ಬರುವುದಿಲ್ಲವೆಂದು ಅವರನ್ನು ಪಾರ್ಸಿಗೆ ತಳ್ಳಿದರು. ಮುಂದೆ ಅವರು ಹಟದಿಂದ ಸಂಸ್ಕೃತವನ್ನೂ ಕಲಿತರು. ಗೆಳೆಯರೆ, ಇವತ್ತಿನ ಸಂಸ್ಕೃತವೆಂದರೆ ಗಣಿತ. ಇವತ್ತು ಯಾರೂ ಬಾಗಿಲಿಗೆ ಅಡ್ಡ ನಿಂತು ಒಳಗೆ ಬರಬೇಡ ಎನ್ನುವುದಿಲ್ಲ. ಬಾಗಿಲು ತೆರೆದೇ ಇದೆ. ಮೆಟ್ಟಿಲು ಮಾತ್ರ ಕಿತ್ತು ಇಟ್ಟಿದ್ದಾರೆ. ಹಾರಿ ಹತ್ತಲಾರದವನು ತಾನೇ ವಾಪಸು ಹೋಗುತ್ತಾನೆ, ಹೋಗುವಾಗ ತನ್ನ ತಲೆಯನ್ನೇ ಬೈದುಕೊಳ್ಳುತ್ತಾನೆ. ಹಳೆಯ ಅಸ್ಪೃಶ್ಯತೆಗಿಂತ ಇದು ಹೆಚ್ಚು ಬುದ್ಧಿವಂತ ಏರ್ಪಾಡು.

ಆದರೆ ಆ ಗಣಿತ ಎಷ್ಟಿದೆ ಎಂದು ನಮ್ಮವರು ಯಾರೂ ಎಣಿಸಿ ನೋಡಿಲ್ಲ. ನಾವು ಅವನ ಪುಸ್ತಕ ತೆಗೆದು ಎಣಿಸಿದೆವು. ಲಾಗರಿದಮ್ ಮತ್ತು ಎಕ್ಸ್‌ಪೊನೆನ್ಷಿಯಲ್, ಡಿಫರೆನ್ಷಿಯೇಷನ್, ಇಂಟಿಗ್ರೇಷನ್, ಪಾರ್ಶಿಯಲ್ ಡಿಫರೆನ್ಷಿಯಲ್, ಒಂದೆರಡು ಬಗೆಯ ಡಿಫರೆನ್ಷಿಯಲ್ ಸಮೀಕರಣ, ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್. ಇಷ್ಟರಲ್ಲಿ ಮುಕ್ಕಾಲು ಪಾಲು ಫಿಸಿಕಲ್ ಕೆಮಿಸ್ಟ್ರಿ ಓಡುತ್ತದೆ. ದಿನಾ ಸಂಜೆ ಒಂದು ಗಂಟೆ ಕೂತರೆ ಮೂರು ನಾಲ್ಕು ತಿಂಗಳ ಕೆಲಸ. ಒಂದು ಸಮುದಾಯವನ್ನೇ ಹೊರಗಿಡುವ ಗೋಡೆ ಇಷ್ಟೇ ಎತ್ತರದ್ದೆಂದು ತಿಳಿದಾಗ ನಮಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು.

ಇನ್ನು ವಿಷಯಕ್ಕೆ ಬರೋಣ. ಭೌತ ರಸಾಯನಶಾಸ್ತ್ರ ಎಂದರೇನು? ಯಾವ ವಸ್ತುವಿಗೆ ಯಾವುದು ಸೇರಿದರೆ ಏನಾಗುತ್ತದೆ ಎಂಬುದು ಕೆಮಿಸ್ಟ್ರಿ. ಅದು ಯಾಕೆ ಆಗುತ್ತದೆ, ಎಷ್ಟು ಬೇಗ ಆಗುತ್ತದೆ, ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಕೇಳುವುದು ಫಿಸಿಕಲ್ ಕೆಮಿಸ್ಟ್ರಿ. ಯಾಕೆ ಎಂದು ಕೇಳುವ ವಿದ್ಯೆ ಇದು. ಬಾಯಿಪಾಠದ ವಿದ್ಯೆ ನಮಗೆ, ಯಾಕೆ ಎಂದು ಕೇಳುವ ವಿದ್ಯೆ ಅವರಿಗೆ ಎಂದು ಹಂಚಿಕೊಟ್ಟವರು ಯಾರು?

ನಮ್ಮ ಊರಿನಲ್ಲೇ ನೋಡಿ. ಸೀತಾನದಿ ಸಮುದ್ರ ಸೇರುವ ಕಡೆ, ಕೋಡಿ ಹಂಗಾರಕಟ್ಟೆಯ ಬದಿಯಲ್ಲಿ, ಹೊಳೆಯಿಂದ ಚಿಪ್ಪು ತೆಗೆಯುತ್ತಾರೆ. ಸೊಂಟದ ತನಕ ನೀರಿನಲ್ಲಿ ನಿಂತು ಹೆಕ್ಕಿ, ಬುಟ್ಟಿಯಲ್ಲಿ ಹೊತ್ತ ಹೆಂಗಸರು ನಮ್ಮ ಕೇರಿಗಳಲ್ಲೂ ಇದ್ದಾರೆ. ಆ ಚಿಪ್ಪನ್ನು ಗೂಡಿನಲ್ಲಿ ಸುಟ್ಟರೆ ಸುಣ್ಣ. ಊರಿನ ಗೋಡೆಗಳೆಲ್ಲ ಬೆಳ್ಳಗಾದದ್ದು, ಧಣಿಗಳ ಎಲೆಯಡಿಕೆ ಕೆಂಪಾದದ್ದು ಆ ಸುಣ್ಣದಿಂದ. ಚಿಪ್ಪೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕಾಯಿಸಿದರೆ ಸುಣ್ಣ ಒಂದು ಕಡೆ, ಇಂಗಾಲದ ಡೈಆಕ್ಸೈಡ್ ಇನ್ನೊಂದು ಕಡೆ. ಹುಟ್ಟಿದ ಅನಿಲ ಗೂಡಿನೊಳಗೇ ನಿಂತರೆ ಅದು ತಿರುಗಿ ಸುಣ್ಣವನ್ನು ಸೇರಿ ಕಾರ್ಬೊನೇಟ್ ಆಗಲು ನೋಡುತ್ತದೆ. ಬಿಸಿ ಹೆಚ್ಚಿದಂತೆ ಅನಿಲದ ಒತ್ತಡ ಹೆಚ್ಚುತ್ತದೆ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಬರುವಾಗ ಅದು ಹೊರಗಿನ ವಾತಾವರಣದ ಒತ್ತಡಕ್ಕೆ ಸಮನಾಗುತ್ತದೆ. ಗಾಳಿ ಆಡಿ ಅನಿಲ ಹೊರಗೆ ಹೋಗುತ್ತಿದ್ದರೆ ಅದಕ್ಕಿಂತ ಕಡಿಮೆ ಬಿಸಿಯಲ್ಲೂ ಚಿಪ್ಪು ಒಡೆಯುತ್ತದೆ. ಗೂಡಿನ ಕೆಲಸದವನಿಗೆ ಗಾಳಿ ಬೇಕೆಂದು ಗೊತ್ತು. ಗಾಳಿ ಬೆಂಕಿಗೂ ಬೇಕು, ಅನಿಲ ಹೋಗಲಿಕ್ಕೂ ಬೇಕು. ಅವನಿಗೆ ಗೊತ್ತಿರುವುದನ್ನು ಅಂಕೆಯಲ್ಲಿ ಬರೆದರೆ ಥರ್ಮೊಡೈನಮಿಕ್ಸ್‌ನ ಒಂದು ಪಾಠ.

ಈ ಸುಣ್ಣದ ಗೂಡಿನಿಂದ ಒಮ್ಮೆಲೇ ಸೂರ್ಯನಿಗೆ ಹೋಗಬಹುದು. ಹೋದವರೊಬ್ಬರಿದ್ದಾರೆ, ಅವರ ಹೆಸರು ಮೇಘನಾದ ಸಾಹಾ. 1893ರಲ್ಲಿ ಢಾಕಾ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದವರು. ತಂದೆಯದು ಸಣ್ಣ ದಿನಸಿ ಅಂಗಡಿ. ಅಸ್ಪೃಶ್ಯರಲ್ಲ, ಆದರೆ ಮೇಲಿನವರು ಕೀಳೆಂದು ದೂರವಿಟ್ಟ ಜಾತಿ. ಕಲ್ಕತ್ತಾದ ಈಡನ್ ಹಿಂದೂ ಹಾಸ್ಟೆಲಿನಲ್ಲಿದ್ದಾಗ ಕೆಲವು ಮೇಲ್ಜಾತಿಯ ಹುಡುಗರು ಅವರೊಂದಿಗೆ ಊಟಕ್ಕೆ ಕೂರಲಿಲ್ಲ. ಹಾಸ್ಟೆಲಿನಲ್ಲಿ ಊಟದ ಎಲೆ ಬೇರೆಯಾದ ಹುಡುಗ ಏನು ಮಾಡಿದ ಕೇಳಿ. ಸೂರ್ಯನ ಬೆಳಕಿನಲ್ಲಿ ಕ್ಯಾಲ್ಸಿಯಂನ ಗೆರೆಗಳು ಕಾಣುತ್ತವೆ. ಎಲೆಕ್ಟ್ರಾನ್ ಕಳೆದುಕೊಂಡ ಕ್ಯಾಲ್ಸಿಯಂನ ಗೆರೆಗಳು ಸೂರ್ಯನ ಹೊರ ಪದರದಲ್ಲಿ ಬಹಳ ಎತ್ತರದ ತನಕ ಕಾಣುತ್ತವೆ. ಯಾಕೆ? ಸಾಹಾ ಇದನ್ನು ಒಂದು ರಾಸಾಯನಿಕ ಕ್ರಿಯೆಯೆಂದೇ ಭಾವಿಸಿದರು. ಕ್ಯಾಲ್ಸಿಯಂ ಒಡೆದು ಒಂದು ಅಯಾನು, ಒಂದು ಎಲೆಕ್ಟ್ರಾನು. ಕಾರ್ಬೊನೇಟ್ ಒಡೆದು ಸುಣ್ಣ, ಅನಿಲ ಆದ ಹಾಗೆಯೇ. ಒತ್ತಡ ಕಡಿಮೆಯಾದಷ್ಟೂ ಒಡೆಯುವುದು ಸುಲಭ, ಮೇಲೆ ಹೋದಷ್ಟೂ ಒತ್ತಡ ಕಡಿಮೆ. ಜರ್ಮನಿಯ ನೆರ್ನ್‌ಸ್ಟ್ ರಾಸಾಯನಿಕ ಸಮತೋಲಕ್ಕೆ ಹಾಕಿದ ಲೆಕ್ಕವನ್ನು ಇವರು ಸೂರ್ಯನಿಗೆ ಹಾಕಿದರು. 1920ರಲ್ಲಿ ಪ್ರಕಟವಾದ ಆ ಸಮೀಕರಣ ನಕ್ಷತ್ರಗಳ ಬಿಸಿ ಎಷ್ಟು, ಅವುಗಳಲ್ಲಿ ಏನಿದೆ ಎಂದು ಅವುಗಳ ಬೆಳಕಿನ ಗೆರೆಗಳಿಂದ ಲೆಕ್ಕ ಹಾಕಲು ದಾರಿ ಮಾಡಿತು. ಅದೇ ಸಾಹಾ 1952ರಲ್ಲಿ ಪಕ್ಷೇತರರಾಗಿ ಗೆದ್ದು ಲೋಕಸಭೆಗೆ ಹೋದರು. ವಿಜ್ಞಾನ ಓದಿದವನು ಜನರ ಕೆಲಸಕ್ಕೆ ಬರುವುದಿಲ್ಲ ಎನ್ನುವವರಿಗೆ ಇದನ್ನೂ ಹೇಳಿಬಿಡಿ.

ನಮ್ಮ ಹುಡುಗನಿಗೆ ಇದನ್ನು ಹೇಳಿದಾಗ ಅವನು ಮೊದಲ ಸಲ ಟ್ರಂಕಿನ ಬೀಗ ತೆಗೆದ.

ಇನ್ನೊಂದು ಕತೆಯೂ ಹೇಳಿದೆವು. ಅರ್ಹೇನಿಯಸ್ ಸ್ವೀಡನ್ನಿನವನು, ಜಾತಿಗೀತಿಯ ಪ್ರಶ್ನೆ ಇಲ್ಲ. ಉಪ್ಪು ನೀರಿಗೆ ಬಿದ್ದರೆ ಅಯಾನುಗಳಾಗಿ ಬಿಡಿಬಿಡಿಯಾಗುತ್ತದೆ ಎಂದು 1884ರಲ್ಲಿ ಡಾಕ್ಟರೇಟಿಗೆ ಬರೆದ. ಅವನ ಪ್ರೊಫೆಸರುಗಳಿಗೆ ಅದು ಸರಿಕಾಣದೆ ಕೆಳಗಿನ ದರ್ಜೆ ಕೊಟ್ಟು ಕಳಿಸಿದರು. ಅದೇ ಸಿದ್ಧಾಂತಕ್ಕೆ 1903ರಲ್ಲಿ ನೊಬೆಲ್ ಬಂತು. ಇಪ್ಪತ್ತಕ್ಕೆ ನಾಲ್ಕು ಬಂದವರೆಲ್ಲ ಅರ್ಹೇನಿಯಸ್ ಆಗುತ್ತಾರೆಂದು ನಾವು ಹೇಳುತ್ತಿಲ್ಲ. ಪ್ರೊಫೆಸರು ಹಾಕಿದ ಅಂಕ ಪ್ರೊಫೆಸರನ ಅಳತೆಯೂ ಆಗಿರಬಹುದು ಎಂದಷ್ಟೇ ಹೇಳುತ್ತಿದ್ದೇವೆ.

ಉಪ್ಪಿನ ಮಾತು ಬಂದಾಗ ಅವನ ತಾಯಿ ನಡುವೆ ಬಾಯಿ ಹಾಕಿದರು. ಮೀನಿಗೆ ಉಪ್ಪು ಹಾಕಿ ಒಣಗಿಸುವ ಕೆಲಸ ಮಾಡಿದವರು. ಮೀನಿನ ನೀರನ್ನು ಉಪ್ಪು ಎಳೆಯುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಸ್ಮಾಸಿಸ್ ಎಂಬ ಆ ಎಳೆತದ ಲೆಕ್ಕ ಹಾಕಿದ ವಾಂಟ್ ಹಾಫ್‌ಗೆ 1901ರಲ್ಲಿ ಕೆಮಿಸ್ಟ್ರಿಯ ಮೊಟ್ಟಮೊದಲ ನೊಬೆಲ್ ಕೊಟ್ಟರು. "ಉಪ್ಪ್ ಮೀನಿಗಾ?" ಎಂದು ತಾಯಿ ನಕ್ಕರು. ಅವರ ಕೈಗೆ ಸಿಕ್ಕಿದ್ದು ಉಪ್ಪು ಕಡಿದ ಗಾಯ ಮಾತ್ರ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಅಜ್ಜ ಅಜ್ಜಿಯರಿಗೆ ವಿಜ್ಞಾನವೆಲ್ಲ ಮೊದಲೇ ಗೊತ್ತಿತ್ತು ಎಂಬ ಬೊಗಳೆ ನಮಗೆ ಬೇಡ. ಆ ಬೊಗಳೆಯನ್ನು ಪುರೋಹಿತರು ಬೇಕಾದಷ್ಟು ಬಿಡುತ್ತಿದ್ದಾರೆ. ಅಜ್ಜಿಗೆ ಕೆಲಸ ಗೊತ್ತಿತ್ತು, ಕಾರಣವನ್ನು ಅಂಕೆಯಲ್ಲಿ ಹಿಡಿಯುವುದು ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡಿದ್ದರು. ಕೆಲಸ ಒಬ್ಬರದು, ಕಾರಣ ಇನ್ನೊಬ್ಬರದು ಎಂಬ ಈ ಹಂಚಿಕೆಯೇ ಜಾತಿ.

ಲ್ಯಾಬಿನ ಒಂದು ಪ್ರಯೋಗ ನಮಗೆ ತುಂಬಾ ಹಿಡಿಸಿತು. ನೀರಿನ ವಾಹಕತೆ ಅಳೆಯುವುದು. ಗಾಜಿನ ಸೆಲ್ಲನ್ನು ನೀರಿಗೆ ಇಳಿಸಿದರೆ ಅದರಲ್ಲಿ ಎಷ್ಟು ಅಯಾನುಗಳಿವೆಯೆಂದು ಮೀಟರು ಹೇಳುತ್ತದೆ. ಭಟ್ಟಿ ಇಳಿಸಿದ ನೀರಿನಲ್ಲಿ ಮುಳ್ಳು ಅಲ್ಲಾಡುವುದೇ ಕಷ್ಟ, ಚಿಟಿಕೆ ಉಪ್ಪು ಹಾಕಿದರೆ ಹಾರುತ್ತದೆ. ಸಾಸ್ತಾನದ ಹೊಳೆಬದಿಯ ಬಾವಿಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗಿದರೆ ಅದೂ ತಿಳಿಯುತ್ತದೆ. ಆ ನೀರನ್ನು ಸೇದಿದವರ ಜಾತಿ ಯಾವುದೆಂದು ಮಾತ್ರ ಮೀಟರಿಗೆ ತಿಳಿಯುವುದಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಕುಡಿದ ಮೇಲೆ ಸವರ್ಣೀಯರು 108 ಕೊಡ ಪಂಚಗವ್ಯ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಅಂದು ಒಬ್ಬ ಫಿಸಿಕಲ್ ಕೆಮಿಸ್ಟ್ರಿ ಓದಿದವನು ದಡದಲ್ಲಿ ಕೂತು ಅಳೆದಿದ್ದರೆ, ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿಕೊಂಡಾಗ ಅಲ್ಲಾಡದ ಮುಳ್ಳು ಗಂಜಲ ಬಿದ್ದ ಜಾಗದಲ್ಲಿ ಮೇಲೇರುತ್ತಿತ್ತು.

ಇನ್ನು ನಮ್ಮ ಹಿರಿಯರ ಒಂದು ಆಕ್ಷೇಪ. "ಹಳ್ಳಿಯಲ್ಲಿ ಜನ ಸಾಯ್ತಿದ್ದಾರೆ, ಡಿ.ಸಿ. ಮನ್ನಾ ಭೂಮಿ ಇನ್ನೂ ಕೈಗೆ ಬಂದಿಲ್ಲ, ನೀವು ಎಂಟ್ರೊಪಿ ಓದ್ತೀರಾ? ವಕೀಲರಾಗಿ, ತಹಸೀಲ್ದಾರರಾಗಿ." ಹಿರಿಯರ ಮಾತು ತಳ್ಳಿಹಾಕುವಂಥದ್ದಲ್ಲ. 1974ರ ಭೂಸುಧಾರಣೆಯಲ್ಲಿ ಕರಾವಳಿಯ ಗೇಣಿದಾರರಿಗೆ ಭೂಮಿ ಬಂತು, ಮೂಲದ ಆಳಾಗಿ ದುಡಿದ ನಮ್ಮವರ ಹೆಸರು ಗೇಣಿಯ ಪಟ್ಟಿಯಲ್ಲೇ ಇರಲಿಲ್ಲ. ವಕೀಲರು ಬೇಕು. ಆದರೆ ಒಂದು ಪ್ರಶ್ನೆಗೆ ಹಿರಿಯರು ಉತ್ತರಿಸಲಿ. ಮ್ಯಾನ್‌ಹೋಲಿನಲ್ಲಿ ನಮ್ಮವರು ಸಾಯುತ್ತಾರೆ. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂದರೂ ಸಾಯುತ್ತಾರೆ. ಹೇಗೆ ಸಾಯುತ್ತಾರೆ? ಕೊಳಚೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಕರಗಿಕೊಂಡಿರುತ್ತದೆ. ನಿಂತ ಕೊಳಚೆ ಸುಮ್ಮನಿರುತ್ತದೆ, ಮನುಷ್ಯ ಇಳಿದು ಕಲಕಿದೊಡನೆ ಅನಿಲ ಒಮ್ಮೆಲೇ ಹೊರಗೆ ಬರುತ್ತದೆ. ಅದು ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ನಿಲ್ಲುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಮೂಗಿನ ಶಕ್ತಿಯೇ ಸತ್ತು ವಾಸನೆಯೇ ತಿಳಿಯುವುದಿಲ್ಲ. "ವಾಸನೆ ಇರಲಿಲ್ಲ ಸ್ವಾಮಿ, ಅದಕ್ಕೇ ಇಳಿಸಿದೆವು" ಎಂದು ಕಂಟ್ರಾಕ್ಟರು ಹೇಳಿದಾಗ ಅದು ಯಾಕೆ ಸಮರ್ಥನೆಯಾಗುವುದಿಲ್ಲ ಎಂದು ಕೋರ್ಟಿನಲ್ಲಿ ಎದ್ದು ನಿಂತು ಹೇಳುವವನು ಯಾರು? ವಕೀಲನಿಗೂ ಅದನ್ನು ಯಾರಾದರೂ ಹೇಳಿಕೊಡಬೇಕಲ್ಲ. ಅನಿಲ ದ್ರವದಲ್ಲಿ ಕರಗುವುದು, ಬಿಡುವುದು ಫಿಸಿಕಲ್ ಕೆಮಿಸ್ಟ್ರಿಯಲ್ಲಿ ಹೆನ್ರಿಯ ನಿಯಮದ ಪಾಠ. ನಮ್ಮವರು ಸಾಯುವ ಪಾಠವನ್ನು ನಮ್ಮವರೇ ಓದಿಲ್ಲ.

ಭಾಷೆಯ ವಿಚಾರ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ, ಇಂಗ್ಲಿಷ್ ಕಲಿಯಿರಿ ಎಂದರು. ಅದಕ್ಕಾಗಿ ಮಂತ್ರಿಪದವಿ ಹೋಯಿತು, ಅವರ ಪರ ನಿಂತ ಹಾಸ್ಟೆಲಿನ ಹುಡುಗರಿಗೆ ಪೆಟ್ಟು ಬಿತ್ತು. ಎಂ.ಎಸ್ಸಿ. ಕ್ಲಾಸಿಗೆ ಹೋಗಿ ಕೂತಾಗ ಆ ಮಾತಿನ ಅರ್ಥ ತಿಳಿಯುತ್ತದೆ. ಪುಸ್ತಕ ಇಂಗ್ಲಿಷು, ಪಾಠ ಇಂಗ್ಲಿಷು, ಪರೀಕ್ಷೆ ಇಂಗ್ಲಿಷು. ಆದರೆ ನಮ್ಮ ಅನುಭವ ಇನ್ನೊಂದನ್ನೂ ಹೇಳುತ್ತದೆ. ವಿಷಯ ಮೊದಲು ತಾಯಿನುಡಿಯಲ್ಲಿ ತಲೆಗೆ ಇಳಿಯಬೇಕು, ಆಮೇಲೆ ಇಂಗ್ಲಿಷಿನಲ್ಲಿ ಬರೆಯುವುದು ಕಷ್ಟವಲ್ಲ. ನಮ್ಮ ಪಕ್ಕದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರಲ್ಲಿ 'ಚೋಮನ ದುಡಿ' ಬರೆದರು. ಅದೇ ಕಾರಂತರು ಮುಂದೆ 'ವಿಜ್ಞಾನ ಪ್ರಪಂಚ' ಎಂಬ ದೊಡ್ಡ ಸಂಪುಟಗಳನ್ನೂ ಬರೆದರು. ಉಳಲು ಭೂಮಿ ಸಿಗದೆ ದುಡಿ ಬಾರಿಸುತ್ತ ಸತ್ತ ಚೋಮನಿಗೆ ಕಣ್ಣೀರು ಹಾಕುವವರು ಬಹಳ. ಚೋಮನ ಮೊಮ್ಮಗ ಆ ಎರಡನೆಯ ಪುಸ್ತಕ ಕೇಳಿದರೆ ಲೈಬ್ರರಿಯವನು ಅವನ ಮುಖ ನೋಡುತ್ತಾನೆ.

ಕೆಲಸದ ಬಗ್ಗೆ ಎರಡು ಮಾತು ಸಾಕು. ಔಷಧಿ ಕಂಪನಿಗಳು ಆರ್ಗ್ಯಾನಿಕ್ ಓದಿದವರನ್ನು ಹೆಚ್ಚು ಕೇಳುತ್ತವೆ ಎಂಬುದು ನಿಜ, ಮುಚ್ಚಿಡುವುದಿಲ್ಲ. ಆದರೆ ಸಿ.ಎಸ್.ಐ.ಆರ್. ನೆಟ್, ಗೇಟ್ ಪರೀಕ್ಷೆಗಳ ಕೆಮಿಸ್ಟ್ರಿಯಲ್ಲಿ ಫಿಸಿಕಲ್‌ನ ಪ್ರಶ್ನೆಗಳು ಬಹಳಷ್ಟು ಲೆಕ್ಕದವು. ಉತ್ತರ ಒಂದೇ ಅಂಕೆ. ಸರಿಯಿದ್ದರೆ ಸರಿ, ತಪ್ಪಿದ್ದರೆ ತಪ್ಪು. ಅದನ್ನು ತಿದ್ದುವ ಯಂತ್ರಕ್ಕೆ ನಮ್ಮ ಮುಖವೂ ಊರೂ ಗೊತ್ತಾಗುವುದಿಲ್ಲ. ಜಾತಿ ಕೈ ಹಾಕುವುದು ವೈವಾದಲ್ಲಿ, ಇಂಟರ್ನಲ್ ಅಂಕದಲ್ಲಿ, ಗೈಡು ಸಿಗುವುದರಲ್ಲಿ. ಜೆ.ಆರ್.ಎಫ್. ಪಾಸಾದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದೂ ಬಂದರೆ ಬಂತು. ವಿಜ್ಞಾನದ ಬಗ್ಗೆ ಬರೆಯುವ ಲೇಖಕನಾಗಬೇಕೆಂದಿದ್ದ ರೋಹಿತ್ ವೇಮುಲ 2016ರ ಜನವರಿಯಲ್ಲಿ ನಮ್ಮನ್ನು ಬಿಟ್ಟು ಹೋಗುವಾಗ ಅವನಿಗೆ ಏಳು ತಿಂಗಳ ಫೆಲೋಶಿಪ್ ಬಾಕಿಯಿತ್ತು. ಆ ಹೆಸರು ನಮ್ಮ ಹುಡುಗನ ಮನೆಯಲ್ಲಿ ನಾವು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಟ್ರಂಕು ನೋಡಿದ ರಾತ್ರಿಯಿಂದ ಅದೇ ಹೆಸರು ನಮ್ಮ ತಲೆಯಲ್ಲಿತ್ತು.

ಹಾಗಾದರೆ ಹಾಸ್ಟೆಲಿನ ಗೆಳೆಯರು ಏನು ಕೇಳಬೇಕು? ಹಾಸ್ಟೆಲೆಂದರೆ ಅನ್ನಸಾರಿನ ಜಗಳ ಮಾತ್ರವಲ್ಲ. ಅನ್ನದಲ್ಲಿ ಕಲ್ಲಿದ್ದರೆ ತಟ್ಟೆ ಬಡಿಯುತ್ತೇವೆ, ಸರಿ, ಬಡಿಯಬೇಕು. ಸಂಜೆ ಗಣಿತ ಹೇಳಿಕೊಡುವವರು ಇಲ್ಲದ್ದಕ್ಕೆ ತಟ್ಟೆ ಬಡಿದವರು ಯಾರಿದ್ದಾರೆ? ಗಣಿತ ಓದದೆ ಎಂ.ಎಸ್ಸಿ.ಗೆ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲೇ ಗಣಿತದ ಪಾಠ ಕೊಡಿ ಎಂದು ವಿಭಾಗಕ್ಕೆ ಬರೆದುಕೊಡಬೇಕು. ವೈವಾದಲ್ಲಿ ಇಬ್ಬರು ಪರೀಕ್ಷಕರು ಬೇರೆಬೇರೆಯಾಗಿ ಅಂಕ ಹಾಕಲಿ ಎಂದು ಕೇಳಬೇಕು. ಅಟ್ಕಿನ್ಸ್, ಲೆವಿನ್, ಪುರಿ ಶರ್ಮರ ಪುಸ್ತಕಗಳು ಹಾಸ್ಟೆಲಿನಲ್ಲೇ ಇರಲಿ. ಹುಡುಗಿಯರ ಹಾಸ್ಟೆಲಿಗೂ ಇರಲಿ, ಅವರಿಗೆ ಕತ್ತಲಾದ ಮೇಲೆ ಲೈಬ್ರರಿಗೆ ಹೋಗಲು ಬಿಡುವುದಿಲ್ಲ. ಐ.ಐ.ಟಿ., ಐ.ಐ.ಎಸ್ಸಿ.ಯವರ ಪಾಠಗಳು ಎನ್.ಪಿ.ಟಿ.ಇ.ಎಲ್.ನಲ್ಲಿ ದುಡ್ಡಿಲ್ಲದೆ ಸಿಗುತ್ತವೆ, ನಾಲ್ಕು ಜನ ಒಟ್ಟಿಗೆ ಕೂತು ನೋಡಬಹುದು. ಒಬ್ಬರೇ ನೋಡಿದರೆ ನಿದ್ದೆ ಬರುತ್ತದೆ, ಇದು ಅನುಭವದ ಮಾತು.

ಹುಡುಗ ಸೋಮವಾರ ಬೆಳಗಿನ ಬಸ್ಸಿಗೆ ವಾಪಸು ಹೋಗುತ್ತಾನೆ. ಟ್ರಂಕನ್ನು ನಾವೇ ಹೈವೇ ತನಕ ಹೊತ್ತು ತರುತ್ತೇವೆ. ಎರಡನೆಯ ಟೆಸ್ಟಿಗೆ ಇನ್ನು ಐದು ವಾರ. ಅಷ್ಟರಲ್ಲಿ ಶನಿವಾರ ಸಂಜೆ ಬಂದು ಭಾನುವಾರ ರಾತ್ರಿ ಹೋಗಲು ಒಪ್ಪಿದ್ದಾನೆ, ಬಸ್ ಚಾರ್ಜು ನಾವು ಒಟ್ಟುಮಾಡಿದ್ದೇವೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾಲೊನಿಯ ಅಂಗನವಾಡಿ ಜಗಲಿಯಲ್ಲಿ ಲಾಗರಿದಮ್‌ನಿಂದ ಶುರು. ಬಿ.ಎಸ್ಸಿ. ಓದುವವರು, ಪಿ.ಯು.ಸಿ.ಯವರು, ಹುಡುಗಿಯರು, ಯಾರೂ ಬರಬಹುದು. ಗಣಿತ ಬಿಟ್ಟವರು ಮೊದಲು ಬನ್ನಿ. ಹಳೆಯ ಲಾಗ್ ಟೇಬಲ್ ಇದ್ದವರು ಮರೆಯದೆ ತನ್ನಿ, ನಮ್ಮಲ್ಲಿರುವುದು ಒಂದೇ, ಅದರಲ್ಲೂ ನಡುವಿನ ಎರಡು ಹಾಳೆ ಇಲ್ಲ.